ಮುಕ್ತ ತಂತ್ರಾಂಶ: ಕಾಳು ಬೆಳಕಿನಲ್ಲಿ, ಗಿರಣಿ ಕತ್ತಲಲ್ಲಿ

2024ರ ಮಾರ್ಚ್ 29, ಶುಕ್ರವಾರ. ಗುಡ್ ಫ್ರೈಡೇ ನಿಮಿತ್ತ ಯುರೋಪಿನ ಹಲವು ಕಚೇರಿಗಳು ಬಾಗಿಲು ಹಾಕಿದ್ದ ಆ ದಿನ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಗಣಕ ಸುರಕ್ಷತಾ ತಜ್ಞರಿಗೆ ಬಹಿರಂಗ ಪತ್ರವೊಂದನ್ನು ಬರೆದರು. ಮೈಕ್ರೋಸಾಫ್ಟ್ ಉದ್ಯೋಗಿಯಾದ ಫ್ರಾಯಿಂಡ್, ಪೋಸ್ಟ್‌ಗ್ರೆಸ್ ಎಂಬ ಮುಕ್ತ ದತ್ತಾಂಶ ತಂತ್ರಾಂಶವನ್ನು ಬೆಳೆಸುತ್ತಿರುವವರಲ್ಲಿ ಒಬ್ಬರು. ತಮ್ಮ ಪರೀಕ್ಷಾ ಗಣಕಕ್ಕೆ ದೂರದಿಂದ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡ್ ಹೆಚ್ಚಿಗೆ ಹಿಡಿಯುತ್ತಿರುವುದನ್ನು ಅವರು ಗಮನಿಸಿದ್ದರು. ಬೇರೆಯವರಾಗಿದ್ದರೆ ಚಹಾ ಕುಡಿದು ಮರೆತುಬಿಡುತ್ತಿದ್ದ ವಿಳಂಬವದು. ಫ್ರಾಯಿಂಡ್ ಮರೆಯಲಿಲ್ಲ.

ಆ ಅರ್ಧ ಸೆಕೆಂಡಿನ ಜಾಡು ಹಿಡಿದು ಹೋದ ಅವರು ತಲುಪಿದ್ದು ಎಕ್ಸ್‌ಝಡ್ ಎಂಬ ಪುಟ್ಟ ತಂತ್ರಾಂಶದ ಬಾಗಿಲಿಗೆ. ಕಡತಗಳ ಗಾತ್ರವನ್ನು ಕುಗ್ಗಿಸುವುದಷ್ಟೇ ಅದರ ಕೆಲಸ. ಆದರೆ ಅದರ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಒಂದು ಹಿಂಬಾಗಿಲನ್ನು ಇಟ್ಟಿದ್ದರು. ಅದರ ಕೀಲಿ ಯಾರ ಬಳಿ ಇದೆಯೋ ಅವರು ಜಗತ್ತಿನ ಯಾವ ಮೂಲೆಯಲ್ಲಿ ಕುಳಿತೂ ಆ ಗಣಕದ ಮೇಲೆ ಪೂರ್ಣ ಅಧಿಕಾರ ಚಲಾಯಿಸಬಹುದಿತ್ತು. ದೋಷಗಳ ತೀವ್ರತೆಯನ್ನು ಹತ್ತು ಅಂಕಗಳಲ್ಲಿ ಅಳೆಯುವ ಪದ್ಧತಿಯಲ್ಲಿ ಇದಕ್ಕೆ ದೊರೆತದ್ದು ಹತ್ತಕ್ಕೆ ಹತ್ತು!

ಸುದೈವವಶಾತ್ ಆ ಆವೃತ್ತಿಗಳು ಆಗಿನ್ನೂ ಡೆಬಿಯನ್, ಫೆಡೋರಾ, ಓಪನ್‌ಸೂಸೆ ಮುಂತಾದ ಲಿನಕ್ಸ್ ವ್ಯವಸ್ಥೆಗಳ ಪ್ರಾಯೋಗಿಕ ಹಂತಗಳಲ್ಲಿ ಮಾತ್ರ ಇದ್ದವು. ಬ್ಯಾಂಕು, ಆಸ್ಪತ್ರೆ, ಸರ್ಕಾರಿ ಇಲಾಖೆಗಳ ಸರ್ವರ್‌ಗಳಲ್ಲಿ ಕೂರುವ ಸ್ಥಿರ ಆವೃತ್ತಿಗಳನ್ನು ಮುಟ್ಟಿರಲಿಲ್ಲ. ಉಬುಂಟು ತನ್ನ 24.04 ಆವೃತ್ತಿಯ ಬೀಟಾ ಬಿಡುಗಡೆಯನ್ನು ಒಂದು ವಾರ ಮುಂದೂಡಿ ಬಹುಪಾಲು ಪ್ಯಾಕೇಜುಗಳನ್ನು ಹೊಸದಾಗಿ ಕಟ್ಟಿಕೊಂಡಿತು. ಅನಾಹುತ ತಪ್ಪಿತು, ಸುದ್ದಿ ಕೆಲವೇ ವಾರಗಳಲ್ಲಿ ತಣ್ಣಗಾಯಿತು. ಆದರೆ ಆ ಪ್ರಕರಣ ಎತ್ತಿದ ಪ್ರಶ್ನೆ ತಣ್ಣಗಾಗಿಲ್ಲ. ಎಕ್ಸ್‌ಝಡ್ ಮುಕ್ತ ತಂತ್ರಾಂಶ. ಅದರ ಒಂದೊಂದು ಸಾಲನ್ನೂ ಯಾರು ಬೇಕಾದರೂ ಓದಬಹುದಿತ್ತು. ಎಲ್ಲರ ಕಣ್ಣೆದುರೇ ಇದ್ದ ವಸ್ತುವಿನಲ್ಲಿ ವಿಷ ಬೆರೆತದ್ದಾದರೂ ಎಲ್ಲಿ?

ಕಾಳು, ಹಿಟ್ಟು, ಗಿರಣಿ

ಉತ್ತರಕ್ಕೆ ಮುನ್ನ ಒಂದೆರಡು ಮಾತು ಸ್ಪಷ್ಟವಾಗಬೇಕು. ಲೈಬ್ರರಿ ಎಂದರೆ ತಾನಾಗಿಯೇ ಪರದೆಯ ಮೇಲೆ ಕಾಣಿಸಿಕೊಳ್ಳದ, ಬೇರೆ ತಂತ್ರಾಂಶಗಳು ತಮ್ಮ ಕೆಲಸಕ್ಕೆ ಎರವಲು ಪಡೆಯುವ ಸಂಕೇತಗಳ ಕಟ್ಟು. ಕಡತ ಕುಗ್ಗಿಸುವ ವಿದ್ಯೆಯನ್ನು ನೂರು ತಂತ್ರಾಂಶಗಳು ನೂರು ಬಾರಿ ಬರೆಯುವ ಬದಲು ಒಂದೇ ಲೈಬ್ರರಿಯನ್ನು ಹಂಚಿಕೊಳ್ಳುತ್ತವೆ. ಎಕ್ಸ್‌ಝಡ್‌ನ ಒಡಲಲ್ಲಿರುವ ಲಿಬ್‌ಎಲ್‌ಝಡ್‌ಎಂಎ ಅಂಥದ್ದೊಂದು ಲೈಬ್ರರಿ. ಕನ್ನಡಿಗರಿಗೆ ಹತ್ತಿರದ ಉದಾಹರಣೆ ಬೇಕಿದ್ದರೆ ಹಾರ್ಫ್‌ಬಝ್ ಇದೆ. ಆಂಡ್ರಾಯ್ಡ್ ಫೋನಿನಲ್ಲಿ, ಕ್ರೋಮ್ ಮತ್ತು ಫೈರ್‌ಫಾಕ್ಸ್‌ಗಳಲ್ಲಿ, ಲಿಬ್ರೆ ಆಫೀಸ್‌ನಲ್ಲಿ ಕನ್ನಡದ ಒತ್ತಕ್ಷರಗಳನ್ನು ಸರಿಯಾದ ಜಾಗದಲ್ಲಿ ಕೂರಿಸುವುದು ಇದೇ ಮುಕ್ತ ಲೈಬ್ರರಿ. ‘ಸ್ತ್ರೀ’ ಎಂಬ ಪದ ಪರದೆಯ ಮೇಲೆ ಚದುರದೆ ನಿಲ್ಲುವುದರ ಹಿಂದೆ ಅದರ ಲೆಕ್ಕಾಚಾರವಿದೆ. ಓದುಗರಲ್ಲಿ ಎಷ್ಟು ಮಂದಿ ಅದರ ಹೆಸರು ಕೇಳಿದ್ದಾರೆ?

ಇಂತಹ ಲೈಬ್ರರಿಗಳನ್ನು ಪ್ರೋಗ್ರಾಮರ್‌ಗಳು ಮನುಷ್ಯರು ಓದಬಲ್ಲ ಭಾಷೆಯಲ್ಲಿ ಬರೆಯುತ್ತಾರೆ. ಅದು ಮೂಲಸಂಕೇತ, ರೂಢಿಯ ಮಾತಿನಲ್ಲಿ ಸೋರ್ಸ್ ಕೋಡ್. ಆದರೆ ಗಣಕ ಅದನ್ನು ಹಾಗೆಯೇ ಜೀರ್ಣಿಸಿಕೊಳ್ಳಲಾರದು. ಕಂಪೈಲರ್ ಎಂಬ ಸಾಧನದ ಮೂಲಕ ಅದನ್ನು ಯಂತ್ರದ ಭಾಷೆಗೆ ಪರಿವರ್ತಿಸಬೇಕು. ಈ ಇಡೀ ಪ್ರಕ್ರಿಯೆಗೆ ‘ಬಿಲ್ಡ್’ ಮಾಡುವುದು, ಅಂದರೆ ಕಟ್ಟುವುದು ಎಂದು ಹೆಸರು. ಜೋಳವನ್ನು ಗಿರಣಿಗೆ ಕೊಟ್ಟು ಹಿಟ್ಟು ಮಾಡಿಸಿಕೊಂಡು ಬಂದಂತೆ ಎನ್ನಬಹುದು. ಕಾಳನ್ನು ಮೊರದಲ್ಲಿ ಹಾಕಿ ಕಲ್ಲು, ಕಸ ಆರಿಸಬಹುದು. ಹಿಟ್ಟಾದ ಮೇಲೆ ಅದರಲ್ಲಿ ಏನು ಬೆರೆತಿದೆ ಎಂದು ಬರಿಗಣ್ಣಿಗೆ ತಿಳಿಯದು.

ಯೂನಿಕ್ಸ್ ಪರಂಪರೆಯಲ್ಲಿ ಪಳಗಿದವರಿಗೆ ಈ ಕೆಲಸದ ಮೂರು ಮಂತ್ರಗಳು ಬಾಯಿಪಾಠ. ಮೊದಲು ‘ಕಾನ್ಫಿಗರ್’, ಅದು ಗಣಕದಲ್ಲಿ ಯಾವ ಸಲಕರಣೆ ಇದೆ, ಯಾವುದಿಲ್ಲ ಎಂದು ತಪಾಸಣೆ ಮಾಡುತ್ತದೆ. ನಂತರ ‘ಮೇಕ್’, ಅದು ಕಟ್ಟುತ್ತದೆ. ಕೊನೆಗೆ ‘ಮೇಕ್ ಇನ್‌ಸ್ಟಾಲ್’, ಕಟ್ಟಿದ್ದನ್ನು ಅದರ ಸ್ಥಾನದಲ್ಲಿ ಕೂರಿಸುತ್ತದೆ. ಬೇಕೆನಿಸಿದರೆ ನಡುವೆ ಮೂಲಸಂಕೇತವನ್ನು ತಿದ್ದಬಹುದು. ತಿದ್ದಿ ಮತ್ತೆ ಕಟ್ಟಬಹುದು. ಮುಕ್ತ ತಂತ್ರಾಂಶ ಚಳವಳಿ ಹೋರಾಡಿ ಗಳಿಸಿಕೊಂಡ ಹಕ್ಕು ಇದೇ. ಆದರೆ ಈ ಹಕ್ಕನ್ನು ಕೈಯಾರೆ ಚಲಾಯಿಸುವವರು ವಿರಳ. ಬಹುತೇಕ ಬಳಕೆದಾರರಿಗೆ ಡೆಬಿಯನ್, ರೆಡ್‌ಹ್ಯಾಟ್ ಮೊದಲಾದ ವಿತರಕರೇ ಕಟ್ಟಿ, ಪ್ಯಾಕೇಜ್ ಮಾಡಿ, ತಮ್ಮ ಮುದ್ರೆಯೊತ್ತಿ ಕಳುಹಿಸುತ್ತಾರೆ. ಊರಿಗೆಲ್ಲ ಒಂದೇ ಗಿರಣಿ ಇದ್ದಂತೆ.

ಉಗ್ರಾಣದಲ್ಲಿ ಇಲ್ಲದ್ದು ಗಂಟಿನಲ್ಲಿತ್ತು

ಎಕ್ಸ್‌ಝಡ್‌ನ ಮೂಲಸಂಕೇತ ಗಿಟ್ ಎಂಬ ವ್ಯವಸ್ಥೆಯ ಸಾರ್ವಜನಿಕ ಉಗ್ರಾಣದಲ್ಲಿತ್ತು. ಅಲ್ಲಿ ಯಾರು, ಯಾವಾಗ, ಯಾವ ಸಾಲು ಬದಲಿಸಿದರು ಎಂಬುದಕ್ಕೆಲ್ಲ ದಾಖಲೆ ಇರುತ್ತದೆ. ಆದರೆ ವಿತರಕರು ಸಾಮಾನ್ಯವಾಗಿ ಉಗ್ರಾಣದಿಂದ ನೇರವಾಗಿ ಕಾಳು ಒಯ್ಯುತ್ತಿರಲಿಲ್ಲ. ಪ್ರತಿ ಆವೃತ್ತಿ ಸಿದ್ಧವಾದಾಗ ನಿರ್ವಾಹಕರು ‘ಟಾರ್‌ಬಾಲ್’ ಎಂಬ ಒಂದು ಗಂಟು ಕಟ್ಟಿ ಬಿಡುಗಡೆ ಮಾಡುತ್ತಾರೆ. ವಿತರಕರು ಕಟ್ಟುತ್ತಿದ್ದುದು ಆ ಗಂಟಿನಿಂದ.

ಗಂಟಿನಲ್ಲಿರುವುದೂ ಉಗ್ರಾಣದಲ್ಲಿರುವುದೂ ಒಂದೇ ಎಂದು ಜನ ಭಾವಿಸುತ್ತಾರೆ. ವಾಸ್ತವ ಹಾಗಿಲ್ಲ. ತಪಾಸಣೆಯ ಆ ‘ಕಾನ್ಫಿಗರ್’ ಲಿಪಿಯನ್ನು ಯಾರೂ ಕೈಯಿಂದ ಬರೆಯುವುದಿಲ್ಲ, ಆಟೋಟೂಲ್ಸ್ ಎಂಬ ಸಲಕರಣೆಗಳು ಅದನ್ನು ತಯಾರಿಸುತ್ತವೆ. ಹೀಗೆ ತಯಾರಾದ ಸಾವಿರಾರು ಸಾಲುಗಳು ಗಂಟಿನಲ್ಲಿ ಇರುತ್ತವೆ, ಉಗ್ರಾಣದಲ್ಲಿ ಇರುವುದಿಲ್ಲ. ಇದು ದಶಕಗಳಿಂದ ನಡೆದುಬಂದ ರೂಢಿ. ಆ ಸಾಲುಗಳನ್ನು ಓದುವವರೂ ಇಲ್ಲ, ಓದಿದರೆ ಅರ್ಥವಾಗುವವರೂ ಕಡಿಮೆ.

ದಾಳಿಕೋರ ಆರಿಸಿಕೊಂಡದ್ದು ಇದೇ ಸಂದಿಯನ್ನು. ‘ಬಿಲ್ಡ್-ಟು-ಹೋಸ್ಟ್’ ಎಂಬ ಹೆಸರಿನ ಸಾಧುವಾದ ಕಡತವೊಂದು ಇಂತಹ ಸಲಕರಣೆಗಳ ಜತೆ ಬರುವುದುಂಟು. ಅದರ ತಿದ್ದಿದ ಪ್ರತಿಯನ್ನು ಗಂಟಿಗೆ ಸೇರಿಸಲಾಯಿತು. ಉಗ್ರಾಣದಲ್ಲಿ ಅದರ ಸುಳಿವೇ ಇಲ್ಲ. ಕಟ್ಟುವ ಹೊತ್ತಿನಲ್ಲಿ ಅದು ಎಚ್ಚೆತ್ತು, ಪರೀಕ್ಷೆಗೆಂದು ಇಟ್ಟಿದ್ದ ಒಂದು ‘ಕೆಟ್ಟ’ ಕಡತವನ್ನು ಎತ್ತಿಕೊಳ್ಳುತ್ತದೆ. ಕುಗ್ಗಿಸುವ ತಂತ್ರಾಂಶಕ್ಕೆ ಹಾಳಾದ ಕಡತಗಳನ್ನು ಕೊಟ್ಟು ಪರೀಕ್ಷಿಸುವುದು ಸಹಜ, ಹೀಗಾಗಿ ಅರ್ಥವಿಲ್ಲದಂತೆ ಕಾಣುವ ಕಡತ ಅಲ್ಲಿದ್ದರೆ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಅದರ ಅಕ್ಷರಗಳನ್ನು ನಿರ್ದಿಷ್ಟ ರೀತಿಯಲ್ಲಿ ಅದಲುಬದಲು ಮಾಡಿದರೆ ಅದೇ ಕಡತ ಒಂದು ಆಜ್ಞಾವಳಿಯಾಗುತ್ತದೆ. ಆ ಆಜ್ಞಾವಳಿ ಇನ್ನೊಂದು ಪರೀಕ್ಷಾ ಕಡತವನ್ನು ಬಿಚ್ಚಿ, ಅದರೊಳಗಿನ ಸಿದ್ಧ ಯಂತ್ರಭಾಷೆಯ ತುಣುಕನ್ನು ಲೈಬ್ರರಿಗೆ ಬೆಸೆಯುತ್ತದೆ. ಕಾಳು ಶುದ್ಧ. ಗಿರಣಿಗೆ ಹೋದ ಚೀಲದ ಮಡಿಕೆಯಲ್ಲಿ ಮಾತ್ರ ಚಿಟಿಕೆ ಪುಡಿ.

ಇನ್ನೊಂದು ಸಂಗತಿಯನ್ನಂತೂ ಇಲ್ಲಿ ಒತ್ತಿ ಹೇಳಲೇಬೇಕು. ಯಾವುದೋ ಕುತೂಹಲಿ ವಿದ್ಯಾರ್ಥಿ ಅದೇ ಗಂಟನ್ನು ಇಳಿಸಿಕೊಂಡು ತನ್ನ ಮನೆಯ ಗಣಕದಲ್ಲಿ ಕೈಯಾರೆ ಕಟ್ಟಿದ್ದರೆ ಅವನಿಗೆ ಶುದ್ಧ ಲೈಬ್ರರಿಯೇ ಸಿಗುತ್ತಿತ್ತು! ಏಕೆಂದರೆ ಡೆಬಿಯನ್ ಅಥವಾ ಆರ್‌ಪಿಎಂ ಮಾದರಿಯ ಪ್ಯಾಕೇಜ್ ತಯಾರಾಗುತ್ತಿದೆಯೇ, ಯಂತ್ರ 64 ಬಿಟ್‌ನ ಇಂಟೆಲ್ ಮಾದರಿಯದೇ, ಗ್ನು ಕಂಪೈಲರ್ ಬಳಕೆಯಲ್ಲಿದೆಯೇ ಎಂದು ಆ ದುಷ್ಟ ಲಿಪಿ ಮೊದಲೇ ನೋಡಿಕೊಳ್ಳುತ್ತಿತ್ತು. ಷರತ್ತು ಪೂರೈಸದಿದ್ದರೆ ತೆಪ್ಪಗಿರುತ್ತಿತ್ತು. ಅಂದರೆ ಗುರಿ ಇದ್ದದ್ದು ಊರ ಗಿರಣಿಯ ಮೇಲೆ ಮಾತ್ರ. ‘ಅನುಮಾನವಿದ್ದರೆ ನೀವೇ ಕಟ್ಟಿ ನೋಡಿ’ ಎಂಬ ಮುಕ್ತ ತಂತ್ರಾಂಶಿಗಳ ಹಳೆಯ ಉತ್ತರವನ್ನು ಈ ಒಂದೇ ಷರತ್ತು ನಿರುಪಯುಕ್ತಗೊಳಿಸಿತು.

ಇದೇ ವ್ಯಕ್ತಿ ಮಾಡಿದ ಮತ್ತೊಂದು ಬದಲಾವಣೆ ಗಾತ್ರದಲ್ಲಿ ಒಂದು ಚುಕ್ಕೆ. ಅಕ್ಷರಶಃ ಒಂದೇ ಚುಕ್ಕೆ. ಲ್ಯಾಂಡ್‌ಲಾಕ್ ಎಂಬ ರಕ್ಷಣಾ ಸೌಲಭ್ಯ ಗಣಕದಲ್ಲಿದೆಯೇ ಎಂದು ತಿಳಿಯಲು ಬಿಲ್ಡ್ ಹಂತದಲ್ಲಿ ಒಂದು ಪುಟ್ಟ ಮಾದರಿ ಪ್ರೋಗ್ರಾಂ ಅನ್ನು ಕಂಪೈಲ್ ಮಾಡಿ ನೋಡಲಾಗುತ್ತದೆ. ಅದರ ನಡುವೆ ಒಂದು ಚುಕ್ಕೆ ಇಟ್ಟಿದ್ದರಿಂದ ಆ ಮಾದರಿ ಎಂದಿಗೂ ಕಂಪೈಲ್ ಆಗುವಂತಿರಲಿಲ್ಲ. ಸೌಲಭ್ಯ ಇಲ್ಲವೆಂದೇ ಉತ್ತರ ಬರುತ್ತಿತ್ತು, ರಕ್ಷಣೆ ಇಲ್ಲದೆಯೇ ತಂತ್ರಾಂಶ ಸಿದ್ಧವಾಗುತ್ತಿತ್ತು. ಈ ಚುಕ್ಕೆಯಾದರೋ ಗುಟ್ಟಾಗಿರಲಿಲ್ಲ, ಬಹಿರಂಗ ಉಗ್ರಾಣದಲ್ಲೇ ಇತ್ತು. ಹಿಂಬಾಗಿಲು ಬಯಲಾಗುವವರೆಗೆ ಅದರ ಸದ್ದೇ ಇರಲಿಲ್ಲ.

ತೇಪೆ ತೆರೆದ ಹಾದಿ

ಕಡತ ಕುಗ್ಗಿಸುವ ಲೈಬ್ರರಿಗೂ ದೂರದಿಂದ ಗಣಕ ಪ್ರವೇಶಿಸುವ ಓಪನ್‌ಎಸ್‌ಎಸ್‌ಎಚ್‌ಗೂ ಎತ್ತಣಿಂದೆತ್ತ ಸಂಬಂಧ? ಓಪನ್‌ಬಿಎಸ್‌ಡಿ ಬಳಗ ಬರೆಯುವ ಮೂಲ ಎಸ್‌ಎಸ್‌ಎಚ್‌ನಲ್ಲಿ ಲಿಬ್‌ಎಲ್‌ಝಡ್‌ಎಂಎ ಬಳಕೆಯೇ ಇಲ್ಲ. ಸಂಬಂಧ ಕಲ್ಪಿಸಿದ್ದು ವಿತರಕರು ಹಾಕಿದ ತೇಪೆ.

ಡೆಬಿಯನ್, ಫೆಡೋರಾ ಮುಂತಾದವು ಎಸ್‌ಎಸ್‌ಎಚ್ ಸೇವೆ ಸಿದ್ಧವಾದೊಡನೆ ಅದು ಸಿಸ್ಟಂಡಿ ಎಂಬ ಮೇಲ್ವಿಚಾರಕ ತಂತ್ರಾಂಶಕ್ಕೆ ವರದಿ ಒಪ್ಪಿಸಲೆಂದು ಮೂಲಸಂಕೇತವನ್ನು ಕೊಂಚ ತಿದ್ದಿದ್ದವು. ವರದಿ ಒಪ್ಪಿಸಲು ಬೇಕಾದದ್ದು ಕೆಲವೇ ಸಾಲು. ಆದರೆ ಸುಲಭವೆಂದು ಸಿಸ್ಟಂಡಿಯ ಇಡೀ ಲೈಬ್ರರಿಯನ್ನೇ ಜೋಡಿಸಲಾಯಿತು. ಆ ಲೈಬ್ರರಿ ತನ್ನ ಬೇರಾವುದೋ ಕೆಲಸಕ್ಕಾಗಿ ಲಿಬ್‌ಎಲ್‌ಝಡ್‌ಎಂಎಯನ್ನು ಕರೆತರುತ್ತಿತ್ತು. ಮದುವೆಗೆ ಒಬ್ಬರನ್ನು ಕರೆದರೆ ಅವರ ಜತೆ ಅವರ ನೆರೆಮನೆಯವರೂ ಬಂದಂತೆ! ಹೀಗೆ ಬಂದ ಅತಿಥಿಯ ಜೇಬಿನಲ್ಲಿತ್ತು ಕಳ್ಳಕೀಲಿ. ಗುರುತುಪತ್ರ ಪರಿಶೀಲಿಸುವ ಘಟ್ಟದಲ್ಲಿ ಅದು ನುಸುಳಿ, ತನ್ನ ಒಡೆಯನ ರಹಸ್ಯ ಕೀಲಿಯಿಂದ ಸಹಿಯಾದ ಆಜ್ಞೆಗಳನ್ನು ಮಾತ್ರ ನಡೆಸಿಕೊಡುತ್ತಿತ್ತು. ಆರ್ಚ್ ಲಿನಕ್ಸ್‌ನವರು ಈ ತೇಪೆ ಹಾಕಿರಲಿಲ್ಲ. ಕಲಬೆರಕೆಯ ಆವೃತ್ತಿಯನ್ನು ವಿತರಿಸಿದ್ದರೂ ಅವರ ಎಸ್‌ಎಸ್‌ಎಚ್‌ಗೆ ಅದರ ಬಿಸಿ ತಟ್ಟಲಿಲ್ಲ.

ಸದುದ್ದೇಶದ ತಿದ್ದುಪಡಿಯೊಂದು ಇಡೀ ವ್ಯವಸ್ಥೆಯನ್ನು ಸಡಿಲಗೊಳಿಸಿದ್ದು ಇದೇ ಮೊದಲಲ್ಲ. 2006ರಲ್ಲಿ ಡೆಬಿಯನ್‌ನ ಪ್ಯಾಕೇಜ್ ನಿರ್ವಾಹಕರೊಬ್ಬರು ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಲೈಬ್ರರಿಯ ಎರಡು ಸಾಲುಗಳನ್ನು ನಿಷ್ಕ್ರಿಯಗೊಳಿಸಿದ್ದರು. ಸ್ಮೃತಿಯ ದುರ್ಬಳಕೆಯನ್ನು ಪತ್ತೆ ಹಚ್ಚುವ ವ್ಯಾಲ್‌ಗ್ರಿಂಡ್ ಎಂಬ ಸಾಧನ ಆ ಸಾಲುಗಳ ಬಗ್ಗೆ ಎಚ್ಚರಿಕೆ ನೀಡುತ್ತಿತ್ತು. ಅದನ್ನು ನಿವಾರಿಸುವುದಷ್ಟೇ ಉದ್ದೇಶ. ಮೂಲ ಅಭಿವೃದ್ಧಿಕಾರರ ಬಳಿ ವಿಚಾರಿಸಿಯೂ ಇದ್ದರು. ಆದರೆ ತೆಗೆದ ಸಾಲೊಂದು ಕೀಲಿಗಳಿಗೆ ಬೇಕಾದ ಯಾದೃಚ್ಛಿಕತೆಯನ್ನು ಒದಗಿಸುವ ಸಾಲಾಗಿತ್ತು. ಪರಿಣಾಮವಾಗಿ ಪ್ರಕ್ರಿಯೆಗೆ ಗಣಕ ನೀಡುವ ಕ್ರಮಸಂಖ್ಯೆಯೊಂದನ್ನು ಬಿಟ್ಟರೆ ಮತ್ತಾವ ಅನಿಶ್ಚಿತತೆಯೂ ಉಳಿಯಲಿಲ್ಲ. ಎಣಿಸಲಾಗದಷ್ಟು ಇರಬೇಕಿದ್ದ ಕೀಲಿಗಳು ಪ್ರತಿ ಬಗೆಗೆ ಕೇವಲ 32,768ಕ್ಕೆ ಇಳಿದವು. ಅಷ್ಟನ್ನು ಸಾಧಾರಣ ಗಣಕವೂ ಒಂದೊಂದಾಗಿ ಪ್ರಯತ್ನಿಸಿ ಮುಗಿಸಬಲ್ಲದು.

2008ರ ಮೇ 13ರಂದು ಡೆಬಿಯನ್ ಎಚ್ಚರಿಕೆ ಹೊರಡಿಸುವವರೆಗೆ, ಅಂದರೆ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ, ಡೆಬಿಯನ್ ಹಾಗೂ ಉಬುಂಟು ಗಣಕಗಳಲ್ಲಿ ದುರ್ಬಲ ಕೀಲಿಗಳು ತಯಾರಾಗುತ್ತಲೇ ಇದ್ದವು. ಲೈಬ್ರರಿಯನ್ನು ಸರಿಪಡಿಸಿದರಷ್ಟೇ ಸಾಲದಾಯಿತು. ಆ ಅವಧಿಯಲ್ಲಿ ಹುಟ್ಟಿದ ಪ್ರತಿಯೊಂದು ಕೀಲಿಯನ್ನೂ ಎಸೆದು ಹೊಸದು ಮಾಡಿಸಬೇಕಾಯಿತು. ಆ ತಿದ್ದುಪಡಿಯೂ ಮುಕ್ತವಾಗಿಯೇ ಇತ್ತು, ಯಾರು ಬೇಕಾದರೂ ಓದಬಹುದಿತ್ತು ಎಂಬುದನ್ನು ಮರೆಯುವಂತಿಲ್ಲ.

ವಿಧಿಯ ವಿನೋದ ನೋಡಿ. 2006ರಲ್ಲಿ ಅನಾಹುತಕ್ಕೆ ನೆಪವಾದ ಅದೇ ವ್ಯಾಲ್‌ಗ್ರಿಂಡ್ 2024ರಲ್ಲಿ ರಕ್ಷಣೆಗೆ ಬಂದಿತು. ಎಕ್ಸ್‌ಝಡ್ 5.6.0ರ ಹಿಂಬಾಗಿಲು ವ್ಯಾಲ್‌ಗ್ರಿಂಡ್‌ನಲ್ಲಿ ದೋಷ ತೋರಿಸುತ್ತಿತ್ತು. ಅದನ್ನು ಮುಚ್ಚಲೆಂದೇ ದಾಳಿಕೋರ ಎರಡೇ ವಾರದಲ್ಲಿ 5.6.1 ಹೊರತಂದ. ಆದರೆ ಫ್ರಾಯಿಂಡ್ ಕೆಲ ವಾರಗಳ ಹಿಂದೆ ಕಂಡಿದ್ದ ಆ ವಿಚಿತ್ರ ದೋಷ ಸಂದೇಶವನ್ನು ಮರೆತಿರಲಿಲ್ಲ. ಅರ್ಧ ಸೆಕೆಂಡಿನ ವಿಳಂಬಕ್ಕೆ ಆ ನೆನಪು ಜತೆಯಾಯಿತು. ಒಂದೆಡೆ ಎಚ್ಚರಿಕೆಯನ್ನು ಅಳಿಸಲಾಯಿತು, ಇನ್ನೊಂದೆಡೆ ಅದು ಏಕೆ ಬಂತೆಂದು ಕೇಳಲಾಯಿತು. ವ್ಯತ್ಯಾಸ ಇಷ್ಟೇ.

ಹಾಗೆಂದು ತಿದ್ದುವ ಹಕ್ಕೇ ಬೇಡ ಎಂದರೆ? ಅದು ಮೂಗಿನ ನೆಗಡಿಗೆ ಮೂಗನ್ನೇ ಕೊಯ್ದ ಹಾಗೆ. 2014ರ ಏಪ್ರಿಲ್‌ನಲ್ಲಿ ಅದೇ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ಮಾರಕ ದೋಷ ಬೆಳಕಿಗೆ ಬಂದಾಗ ಹೊಸ ಆವೃತ್ತಿಗೆ ಕೂಡಲೇ ಬದಲಾಗಲಾರದವರಿಗೆ ಅಧಿಕೃತ ಪ್ರಕಟಣೆ ಸೂಚಿಸಿದ ಮದ್ದು ಒಂದೇ ಸಾಲಿನದು. ದೋಷವಿರುವ ಸೌಲಭ್ಯವನ್ನು ಕೈಬಿಡುವ ಆಯ್ಕೆ ಕೊಟ್ಟು ಲೈಬ್ರರಿಯನ್ನು ಮತ್ತೆ ಕಂಪೈಲ್ ಮಾಡಿಕೊಳ್ಳಿ ಎಂಬುದು. ಮೂಲಸಂಕೇತ ಕೈಯಲ್ಲಿದ್ದವರಿಗೆ ಮಾತ್ರ ಇದು ಸಾಧ್ಯ. ಓಪನ್‌ಬಿಎಸ್‌ಡಿ ಬಳಗವಂತೂ ಇಡೀ ಲೈಬ್ರರಿಯನ್ನೇ ಕವಲೊಡೆದು, ಬೇಡದ್ದನ್ನು ಕಿತ್ತುಹಾಕಿ ಲಿಬ್ರೆಎಸ್‌ಎಸ್‌ಎಲ್ ಎಂಬ ಹೊಸ ಶಾಖೆ ಕಟ್ಟಿತು. ಗೂಗಲ್ ತನ್ನ ಅಗತ್ಯಕ್ಕೆ ತಕ್ಕ ಬೋರಿಂಗ್‌ಎಸ್‌ಎಸ್‌ಎಲ್ ರೂಪಿಸಿಕೊಂಡಿತು. ತಿದ್ದುವ ಸ್ವಾತಂತ್ರ್ಯವಿಲ್ಲದಿದ್ದರೆ ಇವೆರಡೂ ಹುಟ್ಟುತ್ತಿರಲಿಲ್ಲ.

ಒಬ್ಬಂಟಿಯ ಹೆಗಲ ಮೇಲೆ

ತಾಂತ್ರಿಕ ವಿವರಗಳಷ್ಟೇ ಕಳವಳಕಾರಿಯಾದದ್ದು ಈ ಪ್ರಕರಣದ ಮಾನವೀಯ ಮುಖ. ಎಕ್ಸ್‌ಝಡ್ ಅನ್ನು ವರ್ಷಗಟ್ಟಲೆ ನೋಡಿಕೊಂಡು ಬಂದವರು ಫಿನ್ಲೆಂಡಿನ ಲಾಸ್ಸೆ ಕಾಲಿನ್. ಸಂಬಳವಿಲ್ಲ, ಸಹಾಯಕರಿಲ್ಲ. 2021ರ ಕೊನೆಯಲ್ಲಿ ‘ಜಿಯಾ ಟಾನ್’ ಎಂಬ ಹೆಸರಿನಿಂದ ಚಿಕ್ಕಪುಟ್ಟ ತಿದ್ದುಪಡಿಗಳು ಬರತೊಡಗಿದವು. ಎಲ್ಲವೂ ಉಪಯುಕ್ತವೇ. 2022ರ ಬೇಸಿಗೆಯ ಹೊತ್ತಿಗೆ ಬೇರೆ ಕೆಲವು ಹೆಸರುಗಳು ಕಾಣಿಸಿಕೊಂಡು ತಗಾದೆ ಆರಂಭಿಸಿದವು. ಕೆಲಸ ನಿಧಾನವಾಯಿತು, ನಿರ್ವಾಹಕರಿಗೆ ಆಸಕ್ತಿ ಉಳಿದಿಲ್ಲ, ಮತ್ತೊಬ್ಬರಿಗೆ ಹೊಣೆ ಒಪ್ಪಿಸಬಾರದೇಕೆ ಎಂಬ ಧಾಟಿ. ಅವುಗಳಲ್ಲೊಂದು ‘ಜಿಗರ್ ಕುಮಾರ್’ ಎಂಬ ಭಾರತೀಯ ಛಾಯೆಯ ಹೆಸರು. ಆ ಹೆಸರುಗಳ ಹಿಂದೆ ನಿಜವಾದ ವ್ಯಕ್ತಿಗಳೇ ಇರಲಿಲ್ಲ, ಒತ್ತಡ ಹೇರಲೆಂದೇ ಸೃಷ್ಟಿಯಾದ ಮುಖವಾಡಗಳವು ಎಂಬುದು ಪ್ರಕರಣವನ್ನು ಕೆದಕಿದವರ ಬಲವಾದ ಶಂಕೆ. ಕೆಲಸ ಆದೊಡನೆ ಅವು ಮಾಯವಾದವು.

ಇದು ಸಂಬಳವಿಲ್ಲದ ಹವ್ಯಾಸದ ಕೆಲಸ, ತಮ್ಮ ಮಾನಸಿಕ ಆರೋಗ್ಯವೂ ಬಹುಕಾಲದಿಂದ ನೆಟ್ಟಗಿಲ್ಲ ಎಂದು ಕಾಲಿನ್ ಆಗ ಬಹಿರಂಗವಾಗಿಯೇ ಬರೆದಿದ್ದರು. ಅದಕ್ಕೆ ದೊರೆತ ಪ್ರತಿಕ್ರಿಯೆ ಇನ್ನಷ್ಟು ತಗಾದೆ. ಕ್ರಮೇಣ ಜಿಯಾ ಟಾನ್ ಸಹ ನಿರ್ವಾಹಕನಾದ. 2023ರ ಮಾರ್ಚ್ ಹೊತ್ತಿಗೆ ಆವೃತ್ತಿಗಳ ಗಂಟು ಕಟ್ಟುವ ಅಧಿಕಾರವೂ ಅವನ ಕೈಸೇರಿತು. ಒಂದು ವರ್ಷದ ಬಳಿಕ ವಿಷದ ಗಂಟು ಹೊರಬಿದ್ದಾಗ ಅದರ ಮೇಲೆ ಇದ್ದದ್ದು ಅಧಿಕೃತ ನಿರ್ವಾಹಕನ ಅಧಿಕೃತ ಸಹಿ. ಹೊಸ ಆವೃತ್ತಿಯನ್ನು ಬೇಗ ಸೇರಿಸಿಕೊಳ್ಳಿ ಎಂಬ ಕೋರಿಕೆಗಳೂ ಡೆಬಿಯನ್, ಉಬುಂಟು ಬಳಗಗಳಿಗೆ ತಲುಪಿದ್ದವು. ಎರಡೂವರೆ ವರ್ಷ ತಾಳ್ಮೆಯಿಂದ ವಿಶ್ವಾಸ ಗಳಿಸಿ ಒಂದೇ ಏಟಿಗೆ ಅದನ್ನು ನಗದೀಕರಿಸುವ ಈ ಬಗೆ ಬೀದಿ ಕಳ್ಳರದಲ್ಲ. ಯಾವುದೋ ದೇಶದ ಬೇಹುಗಾರಿಕೆ ಸಂಸ್ಥೆಯ ಕೈವಾಡವಿರಬಹುದು ಎಂದು ಹಲವು ತಜ್ಞರು ಊಹಿಸಿದ್ದಾರೆ. ಊಹೆ ಊಹೆಯಾಗಿಯೇ ಉಳಿದಿದೆ, ಆ ಹೆಸರಿನ ಹಿಂದಿದ್ದವರು ಯಾರೆಂದು ಸಾಬೀತಾಗಿಲ್ಲ.

ಪಟ್ಟಿಯಿಂದ ಗಿರಣಿ ಶುದ್ಧವಾದೀತೆ?

ಕಟ್ಟುವ ಹಂತದ ಮೇಲಿನ ಅಪನಂಬಿಕೆ ಹೊಸದೇನಲ್ಲ. ಯೂನಿಕ್ಸ್ ಜನಕರಲ್ಲೊಬ್ಬರಾದ ಕೆನ್ ಥಾಂಪ್ಸನ್ ಟ್ಯೂರಿಂಗ್ ಪ್ರಶಸ್ತಿ ಸ್ವೀಕಾರದ ಉಪನ್ಯಾಸದಲ್ಲಿ, 1984ರಲ್ಲಿಯೇ, ಕಂಪೈಲರೇ ಕಪಟಿಯಾದರೆ ಮೂಲಸಂಕೇತವನ್ನು ಎಷ್ಟು ಓದಿದರೂ ಪ್ರಯೋಜನವಿಲ್ಲ ಎಂದು ತೋರಿಸಿಕೊಟ್ಟಿದ್ದರು. ಅದಕ್ಕೆ ಉತ್ತರವಾಗಿ ಬೆಳೆದ ಪ್ರಯತ್ನಗಳಲ್ಲಿ ಮುಖ್ಯವಾದದ್ದು ಡೆಬಿಯನ್ 2013ರಿಂದೀಚೆಗೆ ಕೈಗೊಂಡಿರುವ ‘ಪುನರಾವರ್ತನೀಯ ಬಿಲ್ಡ್’ ಯೋಜನೆ. ಒಂದೇ ಮೂಲಸಂಕೇತವನ್ನು ಇಬ್ಬರು ಬೇರೆ ಬೇರೆ ಕಡೆ ಕಟ್ಟಿದರೂ ಫಲಿತಾಂಶ ಒಂದೊಂದು ಬಿಟ್‌ನಷ್ಟೂ ವ್ಯತ್ಯಾಸವಿಲ್ಲದೆ ಬರಬೇಕು ಎಂಬುದು ಗುರಿ. ಬಂದರೆ ಗಿರಣಿ ಪ್ರಾಮಾಣಿಕ. ಗ್ವಿಕ್ಸ್ ಎಂಬ ವ್ಯವಸ್ಥೆ 2023ರಲ್ಲಿ ಇನ್ನೂ ಮುಂದೆ ಹೋಗಿ, ಕೇವಲ 357 ಬೈಟ್‌ಗಳ ಬೀಜದಿಂದ ಆರಂಭಿಸಿ ಕಂಪೈಲರ್ ಸಹಿತ ಎಲ್ಲವನ್ನೂ ಮೂಲಸಂಕೇತದಿಂದಲೇ ಕಟ್ಟಿ ತೋರಿಸಿತು.

ಆದರೆ ಎಕ್ಸ್‌ಝಡ್ ಪ್ರಕರಣದಲ್ಲಿ ಈ ಪರೀಕ್ಷೆಯೂ ಸೋಲುತ್ತಿತ್ತು ಎಂಬುದು ಕಹಿಸತ್ಯ. ಒಂದೇ ವಿಷದ ಗಂಟಿನಿಂದ ಪ್ಯಾಕೇಜ್ ತಯಾರಿಸಿದ ಹತ್ತು ಗಿರಣಿಗಳೂ ಒಂದೇ ವಿಷದ ಹಿಟ್ಟನ್ನು ಕೊಡುತ್ತಿದ್ದವು. ಬೇಕಿದ್ದ ಪರೀಕ್ಷೆ ಬೇರೆ. ಗಂಟನ್ನು ಬಿಚ್ಚಿ ಉಗ್ರಾಣದ ಕಾಳಿನೊಡನೆ ಹೋಲಿಸುವುದು, ಅಥವಾ ಗಂಟನ್ನೇ ಬದಿಗಿಟ್ಟು ಗಿಟ್ ಉಗ್ರಾಣದಿಂದ ನೇರವಾಗಿ ಕಟ್ಟುವುದು. 2024ರ ನಂತರ ವಿತರಕರ ವಲಯದಲ್ಲಿ ಈ ವಾದಕ್ಕೆ ಬಲ ಬಂದಿದೆ. 2024ರ ಜುಲೈ 1ರಂದು ಬಂದ ಓಪನ್‌ಎಸ್‌ಎಸ್‌ಎಚ್ 9.8 ಆವೃತ್ತಿಯಂತೂ ಸಿಸ್ಟಂಡಿಗೆ ವರದಿ ಒಪ್ಪಿಸುವ ಆ ಕೆಲವೇ ಸಾಲುಗಳನ್ನು ಹೊರಗಿನ ಲೈಬ್ರರಿಯ ಹಂಗಿಲ್ಲದೆ ತನ್ನಲ್ಲೇ ಬರೆದುಕೊಂಡಿತು. ತೇಪೆಯ ಅಗತ್ಯವೇ ಇಲ್ಲವಾಯಿತು.

ಸರ್ಕಾರಗಳ ಉತ್ತರ ಸಹಜವಾಗಿಯೇ ಕಾಗದದ ರೂಪದಲ್ಲಿದೆ. ತಂತ್ರಾಂಶದಲ್ಲಿ ಯಾವ ಯಾವ ಲೈಬ್ರರಿಗಳಿವೆ ಎಂಬ ಘಟಕಗಳ ಪಟ್ಟಿಯನ್ನು ಜತೆಗಿಡಬೇಕು ಎಂಬುದು ಅದರ ತಿರುಳು. ಭಾರತದ ಸೈಬರ್ ಸುರಕ್ಷತಾ ಸಂಸ್ಥೆ ಸಿಇಆರ್‌ಟಿ-ಇನ್ 2024ರಲ್ಲಿ ಈ ಕುರಿತು ಮಾರ್ಗಸೂಚಿ ಹೊರಡಿಸಿತು. ಐರೋಪ್ಯ ಒಕ್ಕೂಟದ ಸೈಬರ್ ಸ್ಥೈರ್ಯ ಕಾಯ್ದೆ 2024ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದಿದ್ದು, ಅದರ ಮುಖ್ಯ ಬಾಧ್ಯತೆಗಳು 2027ರ ಡಿಸೆಂಬರ್‌ನಿಂದ ಅನ್ವಯಿಸಲಿವೆ. ಪಟ್ಟಿ ಬೇಡವೆನ್ನಲಾಗದು. ದೋಷವೊಂದು ಬಯಲಾದ ದಿನ ‘ಇದು ನಮ್ಮಲ್ಲಿದೆಯೇ’ ಎಂದು ಹುಡುಕಲು ಅದು ಬೇಕೇ ಬೇಕು. ಆದರೆ 2024ರ ಮಾರ್ಚ್ 28ರಂದು ತಯಾರಾದ ಪಟ್ಟಿಯಲ್ಲಿ ಏನಿರುತ್ತಿತ್ತು? ‘ಎಕ್ಸ್‌ಝಡ್ 5.6.1, ಇತ್ತೀಚಿನ ಆವೃತ್ತಿ, ಸಹಿ ಸರಿಯಿದೆ’ ಎಂದು! ಚೀಲದ ಮೇಲೆ ಏನು ಬರೆದಿದೆ ಎಂಬುದನ್ನು ಪಟ್ಟಿ ಹೇಳುತ್ತದೆ. ಚೀಲ ಕಟ್ಟಿದ ಕೈ ಯಾವುದು, ಆ ಕೈಗೆ ಊಟವಿದೆಯೇ ಎಂಬುದನ್ನು ಹೇಳುವುದಿಲ್ಲ.

ಊಟದ ಪ್ರಶ್ನೆಯೇ ನಿಜವಾದ ಪ್ರಶ್ನೆ. ಕೇಂದ್ರ ಸರ್ಕಾರ 2015ರಲ್ಲಿ ತನ್ನ ಇಲಾಖೆಗಳಿಗೆ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿಯನ್ನು ಪ್ರಕಟಿಸಿತು. ಸಿ-ಡಾಕ್ ರೂಪಿಸಿದ ಬಾಸ್ ಲಿನಕ್ಸ್‌ಗೂ ಡೆಬಿಯನ್ನೇ ಅಡಿಪಾಯ. ಬೆಂಗಳೂರಿನ ನವೋದ್ಯಮಗಳಿಂದ ಹಿಡಿದು ದೊಡ್ಡ ಐಟಿ ಕಂಪನಿಗಳವರೆಗೆ ಮುಕ್ತ ಲೈಬ್ರರಿಗಳಿಲ್ಲದೆ ಒಂದು ದಿನವೂ ನಡೆಯದು. ಬಳಕೆಯಲ್ಲಿ ಇರುವ ಉತ್ಸಾಹ ಪೋಷಣೆಯಲ್ಲಿ ಕಾಣುವುದಿಲ್ಲ. ಅಪವಾದಗಳಿಲ್ಲವೆಂದಲ್ಲ. ಬೆಂಗಳೂರಿನ ಷೇರು ದಲ್ಲಾಳಿ ಸಂಸ್ಥೆ ಝೆರೋಧಾ 2024ರ ಅಕ್ಟೋಬರ್‌ನಲ್ಲಿ ಜಗತ್ತಿನ ಮುಕ್ತ ತಂತ್ರಾಂಶ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ನೀಡುವ ನಿಧಿಯನ್ನು ಘೋಷಿಸಿತು. ತಾನು ಬೆಳೆದದ್ದೇ ಇಂತಹ ತಂತ್ರಾಂಶಗಳ ಮೇಲೆ ಎಂಬುದು ಅದರ ಸಮರ್ಥನೆ. ಜರ್ಮನಿ 2022ರಲ್ಲಿಯೇ ಸರ್ಕಾರಿ ಹಣದಿಂದ ಇಂತಹ ನಿಧಿ ಸ್ಥಾಪಿಸಿದೆ. ನಮ್ಮ ಸರ್ಕಾರಗಳು ಲೈಬ್ರರಿಗಳ ಪಟ್ಟಿ ಕೇಳುವಾಗ ತೋರುವ ಉತ್ಸಾಹದ ಒಂದಂಶವನ್ನು ಈ ಕಡೆಗೂ ಹರಿಸಬಾರದೇ? ಎಕ್ಸ್‌ಝಡ್‌ಗೆ 2022ರಲ್ಲಿ ಒಬ್ಬ ಸಂಬಳದ ಸಹಾಯಕ ಇದ್ದಿದ್ದರೆ ಜಿಯಾ ಟಾನ್‌ನ ‘ನೆರವಿನ’ ಅಗತ್ಯ ಬೀಳುತ್ತಿತ್ತೇ ಎಂದು ಕೇಳಿಕೊಂಡರೆ ಉತ್ತರ ಕಷ್ಟವಲ್ಲ.

ಲಾಸ್ಸೆ ಕಾಲಿನ್ ತಮ್ಮ ಕೆಲಸ ಬಿಟ್ಟು ಓಡಲಿಲ್ಲ. ಜಿಯಾ ಟಾನ್ ಮಾಡಿದ್ದ ಬದಲಾವಣೆಗಳನ್ನು ಮತ್ತೆ ಪರಿಶೀಲಿಸಿ, 2024ರ ಮೇ 29ರಂದು, ಹಗರಣ ಬಯಲಾದ ಸರಿಯಾಗಿ ಎರಡು ತಿಂಗಳಿಗೆ, ಹಿಂಬಾಗಿಲು ತೆಗೆದ 5.6.2 ಆವೃತ್ತಿಯನ್ನು ಹೊರತಂದರು. ಅದರ ಟಿಪ್ಪಣಿಯಲ್ಲಿ ಇನ್ನೊಂದು ಬದಲಾವಣೆಯೂ ದಾಖಲಾಗಿದೆ. ಗಣಕಕ್ಕೆ ತಕ್ಕ ವೇಗದ ಸಂಕೇತವನ್ನು ಆರಿಸುವ ಒಂದು ಸೌಲಭ್ಯವನ್ನು 2023ರಲ್ಲಿ ಸೇರಿಸಲಾಗಿತ್ತು, ಹಿಂಬಾಗಿಲು ಆತುಕೊಂಡಿದ್ದುದು ಅದಕ್ಕೇ. ಅದನ್ನೂ ಕೈಬಿಡಲಾಗಿದೆ. ಸುರಕ್ಷತೆಯ ಕಾರಣದಿಂದ ಅಲ್ಲ, ಅದರಿಂದ ಸಿಗುವ ವೇಗ ತೀರಾ ಅಲ್ಪ, ಅದಕ್ಕಾಗಿ ಇಷ್ಟೊಂದು ತೊಡಕು ಬೇಕಿಲ್ಲ ಎಂದು ಟಿಪ್ಪಣಿ ಹೇಳುತ್ತದೆ.